ಕದ್ದ ಚಿತ್ರವನ್ನು ಎಲ್ಲಿಡುವುದು?

(ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ಮೊನ್ನೆ ಆಡಿದ ಮಾತುಗಳಿವು. ಬಂದಿದ್ದ ಕೆಲವರು ಬರೆದು ಕೊಡಿ ಅಂದರು. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಬಿಟ್ಟಿದ್ದೇನೆ, ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ. ಕಥೆಯ ಕೊನೆಯನ್ನು ಪೂರ್ತಿ ಹೇಳಿಬಿಟ್ಟಿದ್ದೇನೆ. ನೋಡದವರು ಮೊದಲು ನೋಡಿ, ಆಮೇಲೆ ಓದಿ.)

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಎಪಿಸೋಡಿನ ಬಗ್ಗೆ ಮಾತಾಡುತ್ತೇನೆ. ಅದು 1971ರ ನವೆಂಬರ್ 17ರಂದು ಅಮೆರಿಕದ ಎನ್‌ಬಿಸಿ ಚಾನೆಲ್ಲಿನಲ್ಲಿ ಬಂತು. ಸರಣಿ ‘ಕೊಲಂಬೋ’, ಎಪಿಸೋಡಿನ ಹೆಸರು ‘ಸೂಟಬಲ್ ಫಾರ್ ಫ್ರೇಮಿಂಗ್’. ಬರೆದವರು ಜ್ಯಾಕ್ಸನ್ ಗಿಲ್ಲಿಸ್, ನಿರ್ದೇಶಕ ಹೈ ಆವರ್‌ಬ್ಯಾಕ್. ಐವತ್ತು ವರ್ಷ ದಾಟಿದ ಕಥೆ. ಕಾರುಗಳು ಹಳೆಯವು, ಫೋನುಗಳು ಹಳೆಯವು, ಬಣ್ಣವೂ ಸ್ವಲ್ಪ ಮಾಸಿದೆ. ಆದರೆ ಚಿತ್ರ ಕಳ್ಳತನದ ಬಗ್ಗೆ ಟಿವಿಯಲ್ಲಿ ಬಂದ ಕಥೆಗಳಲ್ಲಿ ಇದಕ್ಕಿಂತ ನಿಜವಾದ ಮಾತು ಹೇಳಿದ್ದನ್ನು ನಾನು ಇನ್ನೂ ನೋಡಿಲ್ಲ. ಆ ಮಾತು ಏನು ಅಂದರೆ, ಚಿತ್ರ ಕದಿಯುವುದು ದೊಡ್ಡ ವಿಷಯವೇ ಅಲ್ಲ. ಕದ್ದ ಮೇಲೆ ಅದನ್ನು ಇಟ್ಟುಕೊಳ್ಳುವುದಿದೆಯಲ್ಲ, ಮನುಷ್ಯ ಸಿಕ್ಕಿಬೀಳುವುದು ಅಲ್ಲೇ.

ಕೊಲಂಬೋ ಗೊತ್ತಿಲ್ಲದವರಿಗಾಗಿ ಎರಡು ಮಾತು. ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಅನ್ನುವ ಇಬ್ಬರು ಸ್ನೇಹಿತರು ಸೃಷ್ಟಿಸಿದ ಪಾತ್ರ ಇದು. ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯ ಕೊಲೆ ವಿಭಾಗದ ಲೆಫ್ಟಿನೆಂಟ್. ಸುಕ್ಕುಗಟ್ಟಿದ ರೇನ್‌ಕೋಟು, ಬಾಯಲ್ಲಿ ಸಿಗಾರು, ಬಾಗಿಲವರೆಗೆ ಹೋಗಿ ತಿರುಗಿ ಬಂದು ‘ಇನ್ನೊಂದೇ ಒಂದು ವಿಷಯ’ ಅನ್ನುವ ಅಭ್ಯಾಸ. ಪೀಟರ್ ಫಾಕ್ ಈ ಪಾತ್ರವನ್ನು 1968ರ ಟೆಲಿಫಿಲ್ಮಿನಿಂದ ಹಿಡಿದು 2003ರವರೆಗೆ ಮಾಡಿದರು. ಕೊಲೆಗಾರ ಯಾರು ಅಂತ ಇಲ್ಲಿ ನಾವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಶುರುವಿನಲ್ಲೇ ಅವನು ಕೊಲೆ ಮಾಡುವುದನ್ನು ತೋರಿಸಿಬಿಡುತ್ತಾರೆ. ಹೇಗೆ ಸಿಕ್ಕಿಬೀಳುತ್ತಾನೆ ಅನ್ನುವುದೇ ಕಥೆ.

ಈಗ ಮೊದಲ ದೃಶ್ಯಕ್ಕೆ ಬರೋಣ. ಶ್ರೀಮಂತರ ಮನೆ, ಗೋಡೆ ತುಂಬಾ ಚಿತ್ರಗಳು. ರೂಡಿ ಮ್ಯಾಥ್ಯೂಸ್ ಅನ್ನುವ ವಯಸ್ಸಾದವರು ಪಿಯಾನೊ ನುಡಿಸುತ್ತಾ ಕೂತಿದ್ದಾರೆ. ಒಬ್ಬ ಒಳಗೆ ಬರುತ್ತಾನೆ. ರೂಡಿ ಅವನನ್ನು ನೋಡುತ್ತಾರೆ, ಗುರುತಿನವನೇ, ಗಾಬರಿಯಾಗುವುದಿಲ್ಲ. ಬಂದವನು ಒಂದು ಮಾತೂ ಆಡದೆ ಗುಂಡು ಹೊಡೆಯುತ್ತಾನೆ. ಜಗಳ ಇಲ್ಲ, ಬೈಗುಳ ಇಲ್ಲ, ‘ಯಾಕೆ ಹೀಗೆ ಮಾಡುತ್ತಿದ್ದೀಯ’ ಅಂತ ಕೇಳುವುದಕ್ಕೂ ಹೊತ್ತಿಲ್ಲ. ಆಮೇಲೆ ಕೆಲವು ನಿಮಿಷ ಕಥೆಯಲ್ಲಿ ಮಾತೇ ಇಲ್ಲ. ಹೆಣದ ಮೇಲೆ ಎಲೆಕ್ಟ್ರಿಕ್ ಕಂಬಳಿ ಹೊದಿಸುತ್ತಾನೆ, ಮೈ ಬಿಸಿ ಆರದೇ ಇರಲಿ, ಸತ್ತ ಹೊತ್ತು ಡಾಕ್ಟರಿಗೆ ತಪ್ಪಿ ಹೋಗಲಿ ಅಂತ. ಗೋಡೆಯ ಮೇಲಿನ ಚಿತ್ರಗಳನ್ನು ಕಿತ್ತು ಹಾಕುತ್ತಾನೆ, ಕಳ್ಳರು ಬಂದು ಹೋದ ಹಾಗೆ ಕಾಣಲಿ ಅಂತ.

ಇವನು ಡೇಲ್ ಕಿಂಗ್‌ಸ್ಟನ್. ಸತ್ತವರು ಇವನ ಚಿಕ್ಕಪ್ಪ. ಇವನ ವೃತ್ತಿ ಕಲಾ ವಿಮರ್ಶೆ. ಪುಸ್ತಕ ಬರೆದಿದ್ದಾನೆ, ಟಿವಿಯಲ್ಲಿ ಚಿತ್ರಕಲೆಯ ಬಗ್ಗೆ ಮಾತಾಡುತ್ತಾನೆ, ಊರಿನ ಗ್ಯಾಲರಿಗಳಲ್ಲಿ ಇವನು ಬಂದರೆ ಜನ ತಿರುಗಿ ನೋಡುತ್ತಾರೆ. ಆ ಗೋಡೆಯ ಮೇಲೆ ಇರುವುದು ಏನು, ಅದರ ಬೆಲೆ ಏನು, ಅದನ್ನು ಬರೆದವನು ಎಷ್ಟು ಕಷ್ಟಪಟ್ಟಿದ್ದಾನೆ ಅಂತ ಆ ಊರಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಇವನಿಗೆ ಗೊತ್ತು. ಅಂಥವನು ಚಿತ್ರಗಳನ್ನು ಹಳೇ ಕ್ಯಾಲೆಂಡರ್ ಕಿತ್ತ ಹಾಗೆ ಕೀಳುತ್ತಾನೆ. ಒಂದು ಕ್ಷಣವೂ ನಿಂತು ನೋಡುವುದಿಲ್ಲ. ಈ ಪಾತ್ರ ಮಾಡಿದ ರಾಸ್ ಮಾರ್ಟಿನ್ ಇದನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದರೆ, ಕೊಲೆಗಿಂತ ಜಾಸ್ತಿ ನನಗೆ ಕೋಪ ಬರುವುದು ಆ ಕೈಗಳನ್ನು ನೋಡಿ.

ಎಲ್ಲವನ್ನೂ ಅಲ್ಲೇ ಬಿಟ್ಟು ಎರಡೇ ಎರಡು ಚಿತ್ರ ಮನೆಯಿಂದ ಹೊರಗೆ ಹೋಗುತ್ತವೆ. ಎರಡೂ ಫ್ರೆಂಚ್ ಕಲಾವಿದ ಡೆಗಾ ಬರೆದ ಪ್ಯಾಸ್ಟೆಲ್ ಚಿತ್ರಗಳು. ಪ್ಯಾಸ್ಟೆಲ್ ಏನು ಅಂತ ಇಲ್ಲಿ ಸ್ವಲ್ಪ ಹೇಳಬೇಕು. ಬಣ್ಣದ ಪುಡಿಗೆ ಚೂರೇ ಚೂರು ಅಂಟು ಸೇರಿಸಿ ಕಡ್ಡಿ ಮಾಡುತ್ತಾರೆ. ಆ ಕಡ್ಡಿಯಿಂದ ಕಾಗದದ ಮೇಲೆ ಉಜ್ಜಿ ಬರೆಯುತ್ತಾರೆ. ಎಣ್ಣೆ ಬಣ್ಣದ ಹಾಗೆ ಅದು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ, ಪುಡಿ ಕಾಗದದ ತರಿಯಲ್ಲಿ ಸುಮ್ನೆ ಕೂತಿರುತ್ತದೆ, ಅಷ್ಟೆ. ಬೆರಳು ತಾಗಿದರೆ ಬೆರಳಿಗೆ ಬರುತ್ತದೆ. ಅದಕ್ಕೇ ಗಾಜು ಹಾಕಿ, ಗಾಜಿಗೆ ಚಿತ್ರ ತಾಗದ ಹಾಗೆ ಅಂತರ ಕೊಟ್ಟು ಫ್ರೇಮು ಮಾಡುತ್ತಾರೆ. ಸಾಗಿಸುವಾಗ ಅಲುಗಾಡಿದರೂ ಪುಡಿ ಉದುರುತ್ತದೆ ಅಂತ ಮ್ಯೂಸಿಯಂಗಳು ಪ್ಯಾಸ್ಟೆಲ್‌ಗಳನ್ನು ಬೇರೆ ಊರಿಗೆ ಕಳಿಸಲು ಹಿಂದೆ ಮುಂದೆ ನೋಡುತ್ತವೆ. ಡೆಗಾನ ಕಣ್ಣು ವಯಸ್ಸಾಗುತ್ತಾ ಮಂಜಾಗಿತ್ತು, ಆ ವರ್ಷಗಳಲ್ಲಿ ಅವನು ಪ್ಯಾಸ್ಟೆಲ್ ಕಡೆಗೇ ಹೆಚ್ಚು ವಾಲಿದ. ಅಂಥ ಎರಡು ಕಾಗದಗಳು ಈ ಕಥೆಯಲ್ಲಿ ಕಾರು, ಬಾಗಿಲು, ಕಪಾಟು ಅಂತ ಕೈಯಿಂದ ಕೈಗೆ ಓಡಾಡುತ್ತವೆ. ನೋಡುವಾಗ ನನಗೆ ಪ್ರತಿ ಸಲವೂ ಹೊಟ್ಟೆ ಹಿಂಡುತ್ತದೆ.

ಈಗ ಕಿಂಗ್‌ಸ್ಟನ್‌ನ ಯೋಜನೆ. ಅವನಿಗೆ ಒಬ್ಬಳು ಜೊತೆಗಾತಿ ಇದ್ದಾಳೆ, ಟ್ರೇಸಿ ಓ’ಕಾನರ್, ಚಿತ್ರಕಲೆ ಕಲಿಯುತ್ತಿರುವ ಹುಡುಗಿ. ಇವನು ಕೊಲೆ ಮಾಡಿ ಒಂದು ಗ್ಯಾಲರಿಯ ಸಮಾರಂಭಕ್ಕೆ ಹೋಗುತ್ತಾನೆ, ಗಂಟೆ ಎಷ್ಟು ಅನ್ನುವುದು ಅಲ್ಲಿದ್ದವರ ನೆನಪಿನಲ್ಲಿ ಉಳಿಯುವ ಹಾಗೆ ನೋಡಿಕೊಳ್ಳುತ್ತಾನೆ. ಅದೇ ಹೊತ್ತಿಗೆ ಮನೆಯಲ್ಲಿ ಟ್ರೇಸಿ ಕಂಬಳಿ ತೆಗೆದು, ಕಾವಲುಗಾರನಿಗೆ ಕೇಳುವ ಹಾಗೆ ಒಂದು ಗುಂಡು ಹಾರಿಸಿ, ಡೆಗಾ ಚಿತ್ರಗಳನ್ನು ಎತ್ತಿಕೊಂಡು ಓಡುತ್ತಾಳೆ. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಗುಂಡಿನ ಸದ್ದು ಕೇಳಿದ ಹೊತ್ತಿಗೆ ಕಿಂಗ್‌ಸ್ಟನ್ ಹತ್ತಾರು ಜನರ ನಡುವೆ ನಿಂತಿದ್ದ.

ಉದ್ದೇಶವೂ ಕಾಣುವುದಿಲ್ಲ. ಲಾಯರು ಉಯಿಲು ಓದಿದಾಗ, ಚಿತ್ರಗಳ ಸಂಗ್ರಹವೆಲ್ಲ ರೂಡಿಯ ವಿಚ್ಛೇದಿತ ಹೆಂಡತಿ ಎಡ್ನಾಗೆ ಹೋಗಿದೆ. ಕಿಂಗ್‌ಸ್ಟನ್‌ಗೆ ಅದು ಬಂದಿಲ್ಲ. ಅವನು ಬೇಜಾರು ಮಾಡಿಕೊಳ್ಳುವ ಬದಲು ಸಂತೋಷ ತೋರಿಸುತ್ತಾನೆ. ಹಾಗಾದರೆ ಕೊಂದದ್ದು ಯಾಕೆ? ಇಲ್ಲೇ ಇರುವುದು ಕಥೆಯ ಕೀಲಿ. ಕೊಂದವರು ಕೊಲೆಯಾದವರ ಆಸ್ತಿ ಪಡೆಯುವಂತಿಲ್ಲ ಅನ್ನುವುದು ಕಾನೂನು. ಅಮೆರಿಕದಲ್ಲಿ ಇದಕ್ಕೆ ಹೆಸರಾದ ತೀರ್ಪು 1889ರದ್ದು, ನ್ಯೂಯಾರ್ಕಿನಲ್ಲಿ ಅಜ್ಜನಿಗೆ ವಿಷ ಹಾಕಿದ ಮೊಮ್ಮಗನಿಗೆ ಉಯಿಲಿನಲ್ಲಿ ಹೆಸರಿದ್ದರೂ ಆಸ್ತಿ ಕೊಡಲು ಕೋರ್ಟು ಒಪ್ಪಲಿಲ್ಲ. ನಮ್ಮಲ್ಲೂ ಇದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಕಿಂಗ್‌ಸ್ಟನ್ ಲೆಕ್ಕ ಹಾಕಿರುವುದು ಇದರ ಮೇಲೆ. ಎಡ್ನಾ ಮೇಲೆ ಕೊಲೆ ಹೊರಿಸಿದರೆ ಅವಳಿಗೆ ಏನೂ ಸಿಗುವುದಿಲ್ಲ, ಎಲ್ಲ ತಿರುಗಿ ಇವನ ಕಡೆಗೇ ಬರುತ್ತದೆ. ಅವಳ ಮೇಲೆ ಹೊರಿಸಲು ಬೇಕಾದ ಸಾಕ್ಷಿ ಆ ಎರಡು ಚಿತ್ರಗಳು. ಅಂದರೆ ಇವನು ಡೆಗಾ ಚಿತ್ರಗಳನ್ನು ಕದ್ದದ್ದು ಮಾರುವುದಕ್ಕಲ್ಲ, ಮನೆಯಲ್ಲಿ ಇಟ್ಟುಕೊಂಡು ನೋಡುವುದಕ್ಕಂತೂ ಅಲ್ಲವೇ ಅಲ್ಲ. ಎಡ್ನಾ ಮನೆಯಲ್ಲಿ ಬಚ್ಚಿಡುವುದಕ್ಕೆ.

ಇದನ್ನು ಬರೆದವರು ಎಷ್ಟು ಸರಿಯಾಗಿ ಯೋಚಿಸಿದ್ದಾರೆ ನೋಡಿ. ಹೆಸರಾಂತ ಚಿತ್ರವನ್ನು ಕದ್ದರೆ ಮಾರುವುದು ಯಾರಿಗೆ? ಗಿರಾಕಿಗೆ ಗೊತ್ತಿರುತ್ತದೆ, ಇದು ಕದ್ದ ಮಾಲು ಅಂತ. ಪೇಪರಿನಲ್ಲಿ ಫೋಟೋ ಬಂದಿರುತ್ತದೆ. ಇಂಟರ್‌ಪೋಲ್ ಪಟ್ಟಿಯಲ್ಲಿ ಹೆಸರು ಇರುತ್ತದೆ. ಸಿನಿಮಾಗಳಲ್ಲಿ ಒಬ್ಬ ಕೋಟ್ಯಧಿಪತಿ ನೆಲಮಾಳಿಗೆಯಲ್ಲಿ ಒಬ್ಬನೇ ಕೂತು ಕದ್ದ ಚಿತ್ರ ನೋಡುತ್ತಿರುತ್ತಾನೆ. ನಿಜವಾದ ಕೇಸುಗಳನ್ನು ಓದಿದರೆ ಸಿಗುವುದು ಬೇರೆಯದೇ.

1911ರ ಆಗಸ್ಟ್ 21, ಸೋಮವಾರ, ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂಗೆ ರಜೆ. ವಿನ್ಚೆಂಜೊ ಪೆರುಜ್ಜಾ ಅನ್ನುವ ಇಟಲಿಯ ಕೆಲಸಗಾರ ಮೋನಾಲಿಸಾ ಚಿತ್ರವನ್ನು ಗೋಡೆಯಿಂದ ತೆಗೆದುಕೊಂಡು ನಡೆದು ಹೊರಟುಹೋದ. ಹಿಂದೆ ಅದೇ ಮ್ಯೂಸಿಯಂನಲ್ಲಿ ಚಿತ್ರಗಳಿಗೆ ಗಾಜು ಕೂರಿಸುವ ಕೆಲಸ ಮಾಡಿದ್ದವನು. ಕದಿಯುವುದಕ್ಕೆ ಒಂದು ಬೆಳಗ್ಗೆ ಸಾಕಾಯಿತು. ಆಮೇಲೆ ಎರಡು ವರ್ಷಕ್ಕೂ ಜಾಸ್ತಿ ಪ್ಯಾರಿಸ್ಸಿನ ಬಾಡಿಗೆ ಕೋಣೆಯಲ್ಲಿ ಟ್ರಂಕಿನೊಳಗೆ ಇಟ್ಟುಕೊಂಡು ಕೂತ. ಲೋಕದಲ್ಲೇ ಅತಿ ಹೆಸರುವಾಸಿ ಚಿತ್ರ ಕೈಯಲ್ಲಿದೆ, ಏನೂ ಮಾಡುವ ಹಾಗಿಲ್ಲ. 1913ರ ಡಿಸೆಂಬರಿನಲ್ಲಿ ಫ್ಲಾರೆನ್ಸ್ ಊರಿನ ವ್ಯಾಪಾರಿಯೊಬ್ಬರಿಗೆ ಕೊಡಲು ಹೋದಾಗ ಸಿಕ್ಕಿಬಿದ್ದ.

ಇನ್ನೊಂದು ಬಾಸ್ಟನ್ ನಗರದ ಇಸಬೆಲ್ಲಾ ಸ್ಟೂವರ್ಟ್ ಗಾರ್ಡ್‌ನರ್ ಮ್ಯೂಸಿಯಂ. 1990ರ ಮಾರ್ಚ್ 18ರ ನಡುರಾತ್ರಿ ದಾಟಿದ ಮೇಲೆ ಪೊಲೀಸ್ ವೇಷದ ಇಬ್ಬರು ಬಂದು ಕಾವಲುಗಾರರನ್ನು ಕಟ್ಟಿಹಾಕಿದರು. 81 ನಿಮಿಷ ಒಳಗಿದ್ದರು, 13 ಕಲಾಕೃತಿಗಳನ್ನು ಒಯ್ದರು. ವರ್ಮೀರ್‌ನದ್ದು ಒಂದು, ರೆಂಬ್ರಾಂಟ್‌ನವು, ಜೊತೆಗೆ ಡೆಗಾನ ಐದು ಕಾಗದದ ಚಿತ್ರಗಳು. ಅದೇ ಡೆಗಾ. ರೆಂಬ್ರಾಂಟ್ ಕ್ಯಾನ್ವಾಸುಗಳನ್ನು ಫ್ರೇಮಿನಿಂದ ಕತ್ತರಿಸಿ ತೆಗೆದರು. ಟಿಷಿಯನ್‌ನ ದೊಡ್ಡ ಚಿತ್ರವೊಂದು ಅದೇ ಕಟ್ಟಡದಲ್ಲಿದ್ದರೂ ಮುಟ್ಟಲಿಲ್ಲ. ಬೆಲೆ 50 ಕೋಟಿ ಡಾಲರ್ ಅಂತ ಅಂದಾಜು. 1 ಕೋಟಿ ಡಾಲರ್ ಬಹುಮಾನ ಇಟ್ಟರೂ ಇಷ್ಟು ವರ್ಷಗಳಲ್ಲಿ ಒಂದೂ ವಾಪಸ್ ಬಂದಿಲ್ಲ. ಖಾಲಿ ಫ್ರೇಮುಗಳನ್ನು ಮ್ಯೂಸಿಯಂನವರು ಗೋಡೆಯ ಮೇಲೆ ಹಾಗೇ ತೂಗುಹಾಕಿದ್ದಾರೆ. ಆ ಡೆಗಾ ಚಿತ್ರಗಳು ಈಗ ಎಲ್ಲಿ, ಯಾವ ತೇವದಲ್ಲಿ, ಯಾವ ಡಬ್ಬಿಯಲ್ಲಿ ಇವೆಯೋ ಅಂತ ನೆನೆದರೆ ಸಂಕಟ ಆಗುತ್ತದೆ.

1994ರಲ್ಲಿ ಓಸ್ಲೋದ ನ್ಯಾಷನಲ್ ಗ್ಯಾಲರಿಯಿಂದ ಮುಂಕ್ ಬರೆದ ‘ದಿ ಸ್ಕ್ರೀಮ್’ ಕದ್ದವರಿಗೂ ಇದೇ ಪಾಡು. ಫೆಬ್ರುವರಿಯಲ್ಲಿ ಕದ್ದರು, ಮೇ ತಿಂಗಳಲ್ಲಿ ಕೊಳ್ಳುವವರ ವೇಷದಲ್ಲಿ ಬಂದ ಪೊಲೀಸರಿಗೆ ಸಿಕ್ಕಿತು.

ಈ ಕಾರಣಕ್ಕೇ ಕಿಂಗ್‌ಸ್ಟನ್ ಜಾಣ ಅನ್ನುತ್ತೇನೆ. ಕದ್ದ ಚಿತ್ರದಿಂದ ದುಡ್ಡು ಹುಟ್ಟುವುದಿಲ್ಲ ಅಂತ ಅವನಿಗೆ ಗೊತ್ತು. ಅದಕ್ಕೆ ಉಳಿದಿರುವ ಒಂದೇ ಉಪಯೋಗವನ್ನು ಅವನು ಕಂಡುಕೊಂಡಿದ್ದಾನೆ. ಅದು ಯಾರ ಮನೆಯಲ್ಲಿ ಸಿಗುತ್ತದೋ ಅವರನ್ನು ಮುಳುಗಿಸುತ್ತದೆ. ಆದರೆ ಎಡ್ನಾ ಮನೆ ಸೇರುವ ಮೊದಲು ಅದು ಎಲ್ಲೋ ಇರಬೇಕಲ್ಲ? ಕೆಲವು ದಿನ ಯಾರದ್ದೋ ಕೈಯಲ್ಲಿ ಇರಬೇಕು. ಆ ಕೈ ತನ್ನದಾಗಬಾರದು ಅಂತ ಅವನು ಅದನ್ನು ಟ್ರೇಸಿಗೆ ಕೊಡುತ್ತಾನೆ.

ಈ ಕಥೆಯಲ್ಲಿ ನನ್ನನ್ನು ಕಾಡುವುದು ಟ್ರೇಸಿ. ಅವಳಿಗೆ ಅವನ ಮೇಲೆ ಪ್ರೀತಿ, ನಂಬಿಕೆ. ಗುಂಡು ಹಾರಿಸುವ ಕೆಲಸ ಅವಳದ್ದು, ಓಡುವ ಕೆಲಸ ಅವಳದ್ದು, ಕದ್ದ ಮಾಲು ಇಟ್ಟುಕೊಂಡು ಉಸಿರು ಬಿಗಿಹಿಡಿದು ಕಾಯುವ ಕೆಲಸವೂ ಅವಳದ್ದೇ. ಅಪಾಯ ಇರುವ ಪ್ರತಿಯೊಂದನ್ನೂ ಅವಳ ಪಾಲಿಗೆ ಹಾಕಿ ಇವನು ವೈನ್ ಗ್ಲಾಸು ಹಿಡಿದು ಗ್ಯಾಲರಿಯಲ್ಲಿ ನಿಲ್ಲುತ್ತಾನೆ. ಆಮೇಲೆ ಊರಾಚೆ ಯಾರೂ ಇಲ್ಲದ ಕಡೆ ಕರೆಸಿ, ಚಿತ್ರಗಳನ್ನು ತೆಗೆದುಕೊಂಡು, ಕಲ್ಲಿನಿಂದ ಹೊಡೆದು ಸಾಯಿಸುತ್ತಾನೆ. ಎಪಿಸೋಡು ಅವಳಿಗೆ ಕೊಡುವ ಹೊತ್ತು ತೀರಾ ಕಡಿಮೆ. ಪಾತ್ರ ಮಾಡಿದವರು ರೊಸಾನಾ ಹಫ್‌ಮನ್, ಲೆವಿನ್ಸನ್ ಅವರ ಹೆಂಡತಿ. ಇದ್ದ ಸ್ವಲ್ಪ ಹೊತ್ತಿನಲ್ಲೇ ಅವರು ಒಬ್ಬ ಹುಡುಗಿಯ ಅಂಜಿಕೆಯನ್ನೂ ಆಸೆಯನ್ನೂ ಕಾಣಿಸಿದ್ದಾರೆ. ಅವಳ ಅಪ್ಪ ಅಮ್ಮ ಯಾರು, ಅವಳು ಏನು ಬರೆಯುತ್ತಿದ್ದಳು, ಯಾವ ಬಣ್ಣ ಅವಳಿಗೆ ಇಷ್ಟ, ಏನೂ ನಮಗೆ ಸಿಗುವುದಿಲ್ಲ. ಇದು ಈ ಎಪಿಸೋಡಿನ ಕೊರತೆ ಅಂತಲೇ ನನ್ನ ಅಭಿಪ್ರಾಯ. ರೂಡಿಯ ಕೊಲೆಗೆ ಅಷ್ಟು ಸಿದ್ಧತೆ ಮಾಡಿದ ಕಥೆ ಇವಳ ಕೊಲೆಯನ್ನು ಓಡುತ್ತಾ ದಾಟಿಬಿಡುತ್ತದೆ.

ಅವಳನ್ನು ಕೊಂದ ರಾತ್ರಿ, ಮೊದಲ ಸಲ, ಚಿತ್ರಗಳು ಕಿಂಗ್‌ಸ್ಟನ್ ಕೈಯಲ್ಲಿವೆ. ಇಟ್ಟುಕೊಳ್ಳುವ ಕಷ್ಟ ಈಗ ಅವನ ಪಾಲಿಗೆ ಬಂತು. ಎಷ್ಟು ಹೊತ್ತಿಗೆ? ಕಾರಿನಿಂದ ಮನೆಯ ಬಾಗಿಲವರೆಗೆ. ಬಾಗಿಲು ತೆಗೆದರೆ ಒಳಗೆ ಕೊಲಂಬೋ ಕೂತಿದ್ದಾರೆ.

ಅವರು ಬಂದದ್ದು ಕದ್ದುಮುಚ್ಚಿ ಅಲ್ಲ. ಬೇಕಾದರೆ ನನ್ನ ಮನೆಯನ್ನೇ ಹುಡುಕಿ ಅಂತ ದೊಡ್ಡಸ್ತಿಕೆಯಿಂದ ಕೀಲಿ ಕೊಟ್ಟಿದ್ದವನು ಕಿಂಗ್‌ಸ್ಟನ್ನೇ. ಕೊಲಂಬೋ ಕಾದು ಕಾದು ನಿದ್ದೆಗಣ್ಣಿನಲ್ಲಿದ್ದಾರೆ. ಈ ದೃಶ್ಯವನ್ನು ಮೊದಲ ಸಲ ನೋಡುವಾಗ ನಮ್ಮ ಎದೆ ಹೊಡೆದುಕೊಳ್ಳುವುದು ಕಿಂಗ್‌ಸ್ಟನ್ ಪರವಾಗಿ. ವಿಚಿತ್ರ ಅಲ್ವಾ, ಈಗ ತಾನೇ ಒಂದು ಹುಡುಗಿಯನ್ನು ಕೊಂದು ಬಂದವನು, ಆದರೂ ಕೈಯಲ್ಲಿರುವ ಆ ಕಟ್ಟು ಸಿಕ್ಕಿಬಿಡುತ್ತದಾ ಅಂತ ನಾವು ಉಸಿರು ಬಿಗಿಹಿಡಿಯುತ್ತೇವೆ. ಏನದು ಅಂತ ಕೊಲಂಬೋ ಕೇಳುತ್ತಾರೆ. ಜಲವರ್ಣದ ಚಿತ್ರಗಳು ಅಂತ ಇವನ ಉತ್ತರ. ನೋಡಬಹುದಾ ಅಂತ ಕೊಲಂಬೋ ಮಕ್ಕಳು ಮಿಠಾಯಿ ಡಬ್ಬಿಗೆ ಕೈ ಹಾಕುವಷ್ಟು ಸಲೀಸಾಗಿ ಕೈ ಹಾಕುತ್ತಾರೆ. ಕಿಂಗ್‌ಸ್ಟನ್ ರೇಗಿ ತಡೆಯುತ್ತಾನೆ, ತಡ ಆಯಿತು, ಸುಸ್ತಾಗಿದೆ ಅಂತ ಆಚೆಗೆ ಕಳಿಸುತ್ತಾನೆ. ಕೊಲಂಬೋ ಕ್ಷಮೆ ಕೇಳಿ ಹೊರಡುತ್ತಾರೆ. ಗಂಡಾಂತರ ಕಳೆಯಿತು ಅಂತ ಅವನಿಗೂ ಸಮಾಧಾನ, ನಮಗೂ ಸಮಾಧಾನ. ನಡೆದದ್ದು ಏನು ಅಂತ ನಮ್ಮ ಕಣ್ಣೆದುರೇ ಇತ್ತು, ನಾವು ನೋಡಲಿಲ್ಲ.

ಕೊನೆಯ ದೃಶ್ಯ ಎಡ್ನಾ ಮನೆಯಲ್ಲಿ. ಎಡ್ನಾ ಪಾತ್ರದಲ್ಲಿ ಕಿಮ್ ಹಂಟರ್, ಲಾಯರು ಪಾತ್ರದಲ್ಲಿ ಡಾನ್ ಅಮೀಚಿ. ಪೊಲೀಸರು ಹುಡುಕುತ್ತಾರೆ, ಡೆಗಾ ಚಿತ್ರಗಳು ಸಿಗುತ್ತವೆ, ಕಿಂಗ್‌ಸ್ಟನ್ ಬಯಸಿದ ಹಾಗೇ. ಎಡ್ನಾ ಕಂಗಾಲು. ಆಗ ಬೆರಳಚ್ಚಿನ ಮಾತು ಬರುತ್ತದೆ. ಚಿತ್ರಗಳ ಮೇಲೆ ಬೆರಳಚ್ಚು ಇದೆ. ಎಡ್ನಾಳದ್ದಲ್ಲ, ಕಿಂಗ್‌ಸ್ಟನ್‌ನದೂ ಅಲ್ಲ. ಲೆಫ್ಟಿನೆಂಟ್ ಕೊಲಂಬೋ ಅವರದ್ದು. ಕಿಂಗ್‌ಸ್ಟನ್‌ಗೆ ಮೊದಲು ಅರ್ಥವೇ ಆಗುವುದಿಲ್ಲ. ಆಮೇಲೆ ಆ ರಾತ್ರಿ ನೆನಪಾಗುತ್ತದೆ. ಇದು ಮೋಸ, ಈಗ ತಾನೇ ನೀವು ಮುಟ್ಟಿದಿರಿ ಅಂತ ಕೂಗುತ್ತಾನೆ. ಕೊಲಂಬೋ ಒಂದು ಮಾತೂ ಆಡುವುದಿಲ್ಲ. ಅಷ್ಟು ಹೊತ್ತೂ ರೇನ್‌ಕೋಟಿನ ಜೇಬಿನಲ್ಲಿದ್ದ ಎರಡೂ ಕೈ ಹೊರಗೆ ತೆಗೆಯುತ್ತಾರೆ. ಕೈಗಳಿಗೆ ಗ್ಲೌಸು. ಅಲ್ಲಿಗೆ ಮುಗಿಯಿತು. ಬೈದು ಬುದ್ಧಿ ಹೇಳುವುದಿಲ್ಲ, ಕೈಕೋಳ ತೋರಿಸುವುದಿಲ್ಲ. ಮಾತಿಲ್ಲದ ಕೊಲೆಗೆ ಮಾತಿಲ್ಲದ ಉತ್ತರ.

ನಾನು ಈ ಕೊನೆಯನ್ನು ಯಾಕೆ ಇಷ್ಟು ಮೆಚ್ಚುತ್ತೇನೆ ಅಂದರೆ, ಸಾಮಾನ್ಯವಾಗಿ ಪತ್ತೇದಾರಿ ಕಥೆಯಲ್ಲಿ ಕೊಲೆಗಾರ ಬಿಟ್ಟುಹೋದ ಗುರುತು ಅವನನ್ನು ಹಿಡಿಸುತ್ತದೆ. ಕಿಂಗ್‌ಸ್ಟನ್ ಏನನ್ನೂ ಬಿಟ್ಟಿಲ್ಲ. ಅವನು ಪೂರ್ತಿ ಹುಷಾರಾಗಿದ್ದ. ಇಲ್ಲಿ ಗುರುತು ಬಿಟ್ಟದ್ದು ಪತ್ತೇದಾರ, ಅದೂ ಚಿತ್ರ ಕಿಂಗ್‌ಸ್ಟನ್ ಕೈಯಲ್ಲಿ ಇದ್ದ ಆ ಸ್ವಲ್ಪ ಹೊತ್ತಿನಲ್ಲಿ. ಇಡೀ ಯೋಜನೆಯಲ್ಲಿ ತೂತು ಇದ್ದದ್ದು ಅಲ್ಲಿ ಮಾತ್ರ.

ಪೀಟರ್ ಫಾಕ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮೂರನೇ ವಯಸ್ಸಿನಲ್ಲಿ ಕಾಯಿಲೆಯಿಂದ ಅವರ ಬಲಗಣ್ಣು ತೆಗೆಯಬೇಕಾಯಿತು. ಬದುಕಿಡೀ ಗಾಜಿನ ಕಣ್ಣು. ಅಷ್ಟೇ ಅಲ್ಲ, ಅವರು ಚೆನ್ನಾಗಿ ಚಿತ್ರ ಬರೆಯುತ್ತಿದ್ದರು, ಇದ್ದಿಲಿನಲ್ಲಿ ಮನುಷ್ಯರ ಆಕಾರ ಬರೆಯುವುದು ಅವರ ದೊಡ್ಡ ಆಸಕ್ತಿ. ಈ ಎಪಿಸೋಡಿನಲ್ಲಿ ಕೊಲಂಬೋ ಒಬ್ಬ ಕಲಾವಿದನ ಸ್ಟುಡಿಯೋಗೆ ಹೋಗುವ ದೃಶ್ಯವಿದೆ. ಅಲ್ಲಿ ಮಾಡೆಲ್ ಬಟ್ಟೆಯಿಲ್ಲದೆ ಕೂತಿದ್ದಾಳೆ, ಕೊಲಂಬೋ ನಾಚಿಕೊಂಡು ಕಣ್ಣು ಎಲ್ಲಿಡಬೇಕು ಅಂತ ತಿಳಿಯದೆ ಒದ್ದಾಡುತ್ತಾರೆ. ಅಷ್ಟು ಸಹಜವಾಗಿ ನಾಚಿಕೆ ಆಡುತ್ತಾರಲ್ಲ, ಅದು ನಟನೆ.

ಪ್ರಶ್ನೆಗಳಿಗೆ ಬರುತ್ತೇನೆ.

ಡಾಕ್ಟರ್ ಒಬ್ಬರು ಕೇಳಿದ್ದು ಕಂಬಳಿಯ ಬಗ್ಗೆ. ಅದು ಕೆಲಸ ಮಾಡುತ್ತದಾ? ತತ್ವ ಸರಿಯಾಗಿದೆ. ಸತ್ತ ಮೇಲೆ ಮೈ ಬಿಸಿ ಗಂಟೆಗೆ ಸುಮಾರು 0.8 ಡಿಗ್ರಿ ಸೆಲ್ಸಿಯಸ್‌ನಂತೆ ಇಳಿಯುತ್ತದೆ ಅನ್ನುವುದು ಹಳೆಯ ಲೆಕ್ಕ. ಬಿಸಿ ಕೊಟ್ಟರೆ ಲೆಕ್ಕ ತಪ್ಪುತ್ತದೆ. ಆದರೆ ಶುರುವಿನಲ್ಲಿ ಸ್ವಲ್ಪ ಹೊತ್ತು ಒಳಮೈ ಬಿಸಿ ಹೆಚ್ಚು ಇಳಿಯುವುದೇ ಇಲ್ಲ, ಈ ಕಥೆಯಲ್ಲಿ ಕೊಲೆಗೂ ಗುಂಡಿನ ಸದ್ದಿಗೂ ನಡುವೆ ಇರುವುದು ಹೆಚ್ಚು ಹೊತ್ತಲ್ಲ. ಕಂಬಳಿ ಇಲ್ಲದೆಯೂ ಕಿಂಗ್‌ಸ್ಟನ್ ಬಹುಶಃ ಪಾರಾಗುತ್ತಿದ್ದ. ಇನ್ನೊಂದು, ಬಿಸಿಯಲ್ಲಿ ಹೆಣ ಬೇಗ ಸೆಡೆತುಕೊಳ್ಳುತ್ತದೆ. ತುಂಬಾ ಹೊತ್ತು ಬಿಟ್ಟಿದ್ದರೆ ಮೈ ಬಿಸಿ ಒಂದು ಹೇಳುತ್ತಿತ್ತು, ಸೆಡೆತ ಇನ್ನೊಂದು ಹೇಳುತ್ತಿತ್ತು. ಕೇಳಿದ ಡಾಕ್ಟರೂ ಇದನ್ನು ಒಪ್ಪಿದರು.

ಹಿರಿಯರೊಬ್ಬರು ಎದ್ದು, ಮಾರೋಕೆ ಆಗಲ್ಲ ಅಂತೀರಿ, ನಮ್ಮ ದೇಶದ ವಿಗ್ರಹಗಳನ್ನು ಕದ್ದು ಮಾರುತ್ತಾರಲ್ಲ ಅಂತ ಕೇಳಿದರು. ಒಳ್ಳೆಯ ಪ್ರಶ್ನೆ, ನನ್ನ ಮಾತಿನಲ್ಲಿ ಬಿಟ್ಟುಹೋಗಿದ್ದ ಕಡೆಗೆ ಅವರು ಬೆರಳು ಮಾಡಿದರು. ಡೆಗಾ ಚಿತ್ರದ ಫೋಟೋ ಎಲ್ಲ ಕಡೆ ಇದೆ. ಹಳ್ಳಿಯ ಹಳೇ ಗುಡಿಯಲ್ಲಿರುವ ವಿಗ್ರಹದ ಫೋಟೋ ಎಲ್ಲಿದೆ? ದಾಖಲೆ ಇಲ್ಲದ್ದಕ್ಕೆ ಸುಳ್ಳು ದಾಖಲೆ ಹುಟ್ಟಿಸುವುದು ಸುಲಭ. ತಮಿಳುನಾಡಿನ ಶ್ರೀಪುರಂದಾನ್ ದೇವಸ್ಥಾನದ ನಟರಾಜ ಹೀಗೆಯೇ ಸುಭಾಷ್ ಕಪೂರ್ ಅನ್ನುವ ನ್ಯೂಯಾರ್ಕ್ ವ್ಯಾಪಾರಿಯ ಮೂಲಕ 2008ರಲ್ಲಿ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ ಸೇರಿತು. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಹಿಂದೆ ತೆಗೆದಿಟ್ಟಿದ್ದ ಫೋಟೋ ಇದ್ದದ್ದರಿಂದ ಅದೇ ವಿಗ್ರಹ ಅಂತ ತೋರಿಸಲು ಆಯಿತು, 2014ರಲ್ಲಿ ವಾಪಸ್ ಬಂತು. ಕಪೂರ್‌ಗೆ 2022ರಲ್ಲಿ ಕುಂಭಕೋಣಂ ಕೋರ್ಟು ಶಿಕ್ಷೆ ಕೊಟ್ಟಿತು. ನಿಮ್ಮ ಊರಿನ ಗುಡಿಯಲ್ಲಿ ಹಳೆಯ ವಿಗ್ರಹ ಇದ್ದರೆ ದಯವಿಟ್ಟು ಊರವರು ಸೇರಿ ಎಲ್ಲ ದಿಕ್ಕಿನಿಂದ ಫೋಟೋ ತೆಗೆದಿಡಿ, ಅಳತೆ ಬರೆದಿಡಿ, ಮುಕ್ಕಾದ ಗುರುತು ಇದ್ದರೆ ಅದನ್ನೂ. ಮೊಬೈಲು ಎಲ್ಲರ ಹತ್ತಿರ ಇದೆ.

ಒಬ್ಬ ಹುಡುಗ ಬೆರಳಚ್ಚಿನ ಬಗ್ಗೆ ಕೇಳಿದ. ಬೆರಳಚ್ಚನ್ನು ಪೊಲೀಸ್ ಕೆಲಸಕ್ಕೆ ತಂದದ್ದರಲ್ಲಿ ನಮ್ಮ ದೇಶದ ಪಾಲು ದೊಡ್ಡದು. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೋ ಶುರುವಾಯಿತು, ಲೋಕದಲ್ಲೇ ಮೊದಲನೆಯದು. ಸಾವಿರಾರು ಅಚ್ಚುಗಳ ನಡುವೆ ಬೇಕಾದ್ದನ್ನು ಬೇಗ ಹುಡುಕುವ ಹಾಗೆ ವಿಂಗಡಿಸುವ ಕ್ರಮದ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅನ್ನುವ ಇಬ್ಬರು ಪೊಲೀಸ್ ಅಧಿಕಾರಿಗಳ ದುಡಿಮೆ ಇದೆ. ಹೆಸರು ಮಾತ್ರ ಅವರ ಮೇಲಧಿಕಾರಿ ಹೆನ್ರಿಗೆ ಹೋಯಿತು. ಇಂಥ ವಿಂಗಡಣೆ ಎಷ್ಟು ಮುಖ್ಯ ಅನ್ನುವುದಕ್ಕೆ ಆಗಲೇ ಹೇಳಿದ ಪೆರುಜ್ಜಾ ಸಾಕ್ಷಿ. ಮೋನಾಲಿಸಾ ಮೇಲಿದ್ದ ಗಾಜಿನಲ್ಲಿ ಅವನ ಎಡಗೈ ಹೆಬ್ಬೆರಳಿನ ಅಚ್ಚು ಸಿಕ್ಕಿತ್ತು. ಅವನ ಬೆರಳಚ್ಚು ಪ್ಯಾರಿಸ್ ಪೊಲೀಸರ ಬಳಿ ಮೊದಲೇ ಇತ್ತು. ಆದರೆ ಅವರು ಕಡತಗಳನ್ನು ಜೋಡಿಸಿದ್ದು ಬಲಗೈ ಲೆಕ್ಕದಲ್ಲಿ. ಹಾಗಾಗಿ ಕಳ್ಳನ ಗುರುತು ಕೈಯಲ್ಲೇ ಇದ್ದೂ ಕಳ್ಳ ಸಿಗಲಿಲ್ಲ.

ಕೊನೆಯ ಪ್ರಶ್ನೆ ವಕೀಲರೊಬ್ಬರದ್ದು, ಅದು ನನಗೂ ಇಷ್ಟದ ಪ್ರಶ್ನೆ. ಕೊಲಂಬೋ ಸಾಕ್ಷಿ ಕೋರ್ಟಿನಲ್ಲಿ ನಿಲ್ಲುತ್ತದಾ? ತನಿಖಾಧಿಕಾರಿಯೇ ಸಾಕ್ಷಿಯ ಮೇಲೆ ಬೆರಳಚ್ಚು ಬಿಟ್ಟಿದ್ದಾನೆ ಅಂದರೆ ಎದುರು ಪಕ್ಷದ ವಕೀಲರು ಸುಮ್ಮನೆ ಬಿಡುವುದಿಲ್ಲ. ಕಿಂಗ್‌ಸ್ಟನ್ ಮನೆಯಲ್ಲಿ ಮುಟ್ಟಿದ್ದಕ್ಕೆ ಅವರಿಬ್ಬರನ್ನು ಬಿಟ್ಟರೆ ಯಾರೂ ಸಾಕ್ಷಿ ಇಲ್ಲ. ಬೇರೆಲ್ಲೋ ಮುಟ್ಟಿ ಇಲ್ಲಿ ತಂದಿಟ್ಟಿದ್ದಾರೆ ಅಂತಲೂ ವಾದ ಮಾಡಬಹುದು. ನನ್ನ ಪ್ರಕಾರ ಕೇಸು ನಿಲ್ಲುವುದು ಗ್ಲೌಸಿನಿಂದ, ಜೊತೆಗೆ ಆ ಕೋಣೆಯಲ್ಲಿ ಇದ್ದ ಜನರಿಂದ. ಚಿತ್ರ ಸಿಕ್ಕಿದ್ದು ಎಲ್ಲರೆದುರು, ಅಚ್ಚು ಎತ್ತಿದ್ದು ಎಲ್ಲರೆದುರು, ಲಾಯರೂ ಅಲ್ಲೇ ಇದ್ದಾರೆ. ನಮ್ಮಲ್ಲಿ ಪಂಚರನ್ನು ನಿಲ್ಲಿಸಿಕೊಂಡು ಮಹಜರು ಮಾಡುವುದು ಇಂಥ ಅನುಮಾನ ಬರದಿರಲಿ ಅಂತಲೇ. ಅದಕ್ಕಿಂತ ಮುಖ್ಯ, ಕಿಂಗ್‌ಸ್ಟನ್ ಬಾಯಿಂದ ಮೊದಲು ಬಂದದ್ದು ‘ನೀವು ಆ ಚಿತ್ರವನ್ನು ಯಾವತ್ತು ನೋಡಿದಿರಿ’ ಅನ್ನುವ ಮಾತಲ್ಲ, ‘ಈಗ ಮುಟ್ಟಿದಿರಿ’ ಅನ್ನುವ ಮಾತು. ತಪ್ಪಿತಸ್ಥ ಅಲ್ಲದವನು ಮೊದಲನೆಯದನ್ನು ಕೇಳುತ್ತಿದ್ದ. ವಕೀಲರು ತಲೆಯಾಡಿಸಿದರು, ಆದರೂ ಜಾಮೀನು ನಾನು ಕೊಡಿಸುತ್ತಿದ್ದೆ ಅಂದರು.